'ಇರಬಹುದು' ಅಲ್ಲ ಮಾರಾಯ್ರೆ, 'ಯಾವ ಕಡೆಯಿಂದ?'

ನಮಸ್ಕಾರ, ಮಂಗಳೂರಿನಿಂದ. ಹೋದ ವಿಡಿಯೋದಲ್ಲಿ ಜೈನರ ಅನೇಕಾಂತದಿಂದ, ಅಂದರೆ ಸತ್ಯಕ್ಕೆ ಹಲವು ಕಡೆ ಉಂಟು ಅನ್ನುವ ವಿಚಾರದಿಂದ, ಯುದ್ಧ ನಿಲ್ಲಿಸಬಹುದು ಅಂದಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಅನೇಕಾಂತ ಅಂದರೆ ಇಬ್ಬರಿಗೂ ಹೌದು ಹೌದು ಅನ್ನುವುದು. ಅದರಲ್ಲಿ ಯುದ್ಧ ನಿಲ್ಲುತ್ತದಾ?" ಜೊತೆಗೆ ಮೂರು ನಗುವ ಇಮೋಜಿ. ತಿನ್ನುತ್ತಿದ್ದ ಗೋಳಿಬಜೆ ಗಂಟಲಲ್ಲೇ ನಿಂತಿತು.

ಅನೇಕಾಂತದಲ್ಲಿ ಮಾತಿನ ಮುಂದೆ ಹಾಕುವ 'ಸ್ಯಾತ್' ಅಂದರೆ 'ಇರಬಹುದೇನೋ' ಅಲ್ಲ. 'ಈ ಕಡೆಯಿಂದ ನೋಡಿದರೆ' ಅಂತ. ಮಾತಾಡುವವನು ತಾನು ಎಲ್ಲಿ ನಿಂತಿದ್ದೇನೆ ಅಂತ ಮೊದಲು ಹೇಳಬೇಕು. ಅಷ್ಟೇ. ದಯವಿಟ್ಟು ಕುರುಡರ ಆನೆ ಕಥೆ ತರಬೇಡಿ, ಆನೆಗೂ ಸಾಕಾಗಿದೆ.

ನಮ್ಮ ಹಲಸಿನ ಮರದ ಒಂದು ಕೊಂಬೆ ಪಕ್ಕದ ಮನೆಯ ಶೀಟಿನ ಮೇಲೆ ಬಾಗಿತ್ತು. ನಾವು: "ಮರ ನಮ್ಮದು." ಅವರು: "ಶೀಟು ಒಡೆಯುತ್ತದೆ." ನಾವು ಬೇರಿನ ಕಡೆಯಿಂದ, ಅವರು ಹಣ್ಣಿನ ಕಡೆಯಿಂದ. ಎರಡು ವರ್ಷ ಮಾತಿಲ್ಲ! ಯಾವ ಕಡೆಯಿಂದ ಅಂತ ಯಾರೂ ಕೇಳಲಿಲ್ಲ.

ಈಗ ಅಂಟಾರ್ಕ್ಟಿಕಾ ನೋಡಿ. ಏಳು ದೇಶಗಳು ಅಲ್ಲಿನ ನೆಲ ತಮ್ಮದು ಅನ್ನುತ್ತಿದ್ದವು. ಬ್ರಿಟನ್, ಅರ್ಜೆಂಟೀನಾ, ಚಿಲಿ ಎಳೆದ ಗೆರೆಗಳಂತೂ ಒಂದರ ಮೇಲೊಂದು. 1959ರಲ್ಲಿ 12 ದೇಶ ಸಹಿ ಹಾಕಿದ ಒಪ್ಪಂದದ 4ನೇ ವಿಧಿ ಏನು ಹೇಳುತ್ತದೆ? ಯಾರೂ ಹಕ್ಕು ಬಿಟ್ಟುಕೊಟ್ಟ ಹಾಗಲ್ಲ, ಯಾರ ಹಕ್ಕನ್ನೂ ಒಪ್ಪಿದ ಹಾಗೂ ಅಲ್ಲ. ಒಂದು ವಿಷಯವನ್ನು ಏಳು ಬಗೆಯಲ್ಲಿ ಹೇಳುವ ಜೈನರ ಸಪ್ತಭಂಗಿಯಲ್ಲಿ ಬರುವ 'ಅವಕ್ತವ್ಯ' ಇದೇ ಅಲ್ವಾ? ಹೌದು, ಅಲ್ಲ ಎರಡನ್ನೂ ಒಂದೇ ಉಸಿರಿಗೆ ಹೇಳಲಿಕ್ಕೆ ಆಗದ ಜಾಗ. ಆ ದೇಶಗಳವರೇನೂ ಜೈನ ಬಸದಿಗಳ ಊರು ಮೂಡುಬಿದಿರೆಗೆ ಬಂದು ಕಲಿತವರಲ್ಲ, ಗೊತ್ತುಂಟು. ಆದರೆ ಅಲ್ಲಿ ಮಿಲಿಟರಿ ನೆಲೆ ಕಟ್ಟುವ ಹಾಗಿಲ್ಲ, ಇವತ್ತಿಗೂ.

"ಹಾಗಾದರೆ ಹಿಟ್ಲರ್‌ನದ್ದೂ ಒಂದು ಸತ್ಯವಾ?" ಬಂದರು ನೋಡಿ! ಈ ಪ್ರಶ್ನೆಗೆ ಒಂದು ರೂಪಾಯಿ ಹಾಕಿದ್ದರೆ ನಾನು ಇಷ್ಟೊತ್ತಿಗೆ ಹೊಸ ಮೈಕ್ ತಗೊಳ್ತಿದ್ದೆ. ಕಳ್ಳ ಯಾವ ಕಿಟಕಿಯಿಂದ ನುಗ್ಗಿದ ಅಂತ ನೋಡಿದರೆ ಕಳ್ಳನಿಗೆ ಜೈ ಅಂದ ಹಾಗಾ? ಯಾವ ಕಡೆಯಿಂದ ಅಂತ ಕೇಳಿ ಅಂದೆ, ಕಾಲಿಗೆ ಬೀಳಿ ಅಂದೆನಾ?

ಮೈಕ್ ಅಂದಾಗ ನೆನಪಾಯ್ತು, ಸಬ್‌ಸ್ಕ್ರೈಬ್ ಮಾಡಿ. ಬೈಯುವವರೂ ಮಾಡಿ, ಲೆಕ್ಕದಲ್ಲಿ ಒಂದೇ.

ಯಾವ ಕಡೆಯಿಂದ! ಯಾವ ಕಡೆಯಿಂದ! ಇನ್ನೆಷ್ಟು ಸಲ ಹೇಳಲಿ? ಬಾಹುಬಲಿ ಕಾರ್ಕಳದಲ್ಲಿ 1432ರಿಂದ ಸುಮ್ನೆ ನಿಂತಿದ್ದಾನೆ, ನನಗೆ ಅಷ್ಟು ತಾಳ್ಮೆ ಇಲ್ಲ.

ಪಕ್ಕದ ಮನೆಯವರು ನೋಡುತ್ತಿದ್ದರೆ, ಈ ಸಲ ಹಣ್ಣು ಕೊಯ್ದಾಗ ಅರ್ಧ ಕಳಿಸುತ್ತೇನೆ. ಮೇಣ ಜಾಸ್ತಿ ಇರುವ ಅರ್ಧ.