ಹಳೆಯ ಸ್ಟೀರಿಯೋ ಮಂಕಾಗಿ ಹಾಡುತ್ತಿದೆಯೇ? ಆಂಪ್ಲಿಫೈಯರ್ ಬಿಚ್ಚುವ ಮೊದಲು ಇದನ್ನು ನೋಡಿ

(ದೃಶ್ಯ: ಆಂಪ್ಲಿಫೈಯರಿನ ಮುಂಭಾಗ, ಹೊತ್ತಿಕೊಳ್ಳುವ ದೀಪ)

ನಮಸ್ಕಾರ. ಎಪ್ಪತ್ತರ ದಶಕದ ಒಂದು ಸ್ಟೀರಿಯೋ ಸೆಟ್ ನಿಮ್ಮ ಕೈಗೆ ಸಿಕ್ಕಿದೆ ಅಂತಿಟ್ಟುಕೊಳ್ಳಿ. ಆಂಪ್ಲಿಫೈಯರ್, ಟರ್ನ್‌ಟೇಬಲ್, ಒಂದು ಜೋಡಿ ಸ್ಪೀಕರ್. ಹಾಕಿದರೆ ಹಾಡು ಬರುತ್ತೆ, ಆದರೆ ಬೇಸ್ ಇಲ್ಲ, ಹಾಡುವವರ ದನಿ ಕಂಬಳಿ ಹೊದ್ದುಕೊಂಡ ಹಾಗೆ ಕೇಳುತ್ತೆ. ಆಗ ಎಲ್ಲರಿಗೂ ಮೊದಲು ಅನುಮಾನ ಬರೋದು ಆಂಪ್ಲಿಫೈಯರ್ ಮೇಲೆ. ಮುಚ್ಚಳ ಬಿಚ್ಚಿ, ಒಳಗೆ ಕರೆಂಟ್ ಹಿಡಿದಿಟ್ಟುಕೊಳ್ಳೋ ಕೆಪಾಸಿಟರುಗಳನ್ನೆಲ್ಲ ಬದಲಾಯಿಸಿಬಿಡೋಣ ಅಂತ ಹೊರಡುತ್ತಾರೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಮೊದಲು ಸವೆಯೋದು ಅಲುಗಾಡೋ ಭಾಗಗಳು. ಈ ಸೆಟ್‌ನಲ್ಲಿ ಅವು ಇರೋದು ಎರಡು ತುದಿಯಲ್ಲಿ: ಒಂದು ತುದಿಗೆ ರೆಕಾರ್ಡಿನ ಗೀರಲ್ಲಿ ಓಡೋ ಮುಳ್ಳು, ಇನ್ನೊಂದು ತುದಿಗೆ ಸ್ಪೀಕರಿನಲ್ಲಿ ಅದುರಿ ಸದ್ದು ಹೊರಡಿಸೋ ಕೋನ್.

ಪ್ಲಗ್ ಹಾಕೋ ಮುಂಚೆ ಒಂದು ಮಾತು. ಹಿಂಬದಿಯಲ್ಲಿ ಎಷ್ಟು ವೋಲ್ಟ್ ಅಂತ ಬರೆದಿರುತ್ತೆ, ಓದಿ. ಜಪಾನಿಗಾಗಿಯೇ ಮಾಡಿದ ಸೆಟ್ 100 ವೋಲ್ಟಿನದು, ಅಮೆರಿಕದ್ದು 120. ಇದನ್ನ 230 ವೋಲ್ಟಿಗೆ ನೇರವಾಗಿ ಕೊಟ್ಟರೆ ಅಲ್ಲಿಗೆ ಕಥೆ ಮುಗೀತು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಸೆಟ್ ಆದರೆ, ಮೊದಲ ಸಲ ತಂತು ಬಲ್ಬನ್ನ ಸರಣಿಯಲ್ಲಿ ಹಾಕಿ ಕರೆಂಟ್ ಕೊಡೋ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪ್ರಖರವಾಗಿ ಉರಿಯುತ್ತೆ, ಸೆಟ್ ಉಳಿಯುತ್ತೆ.

(ದೃಶ್ಯ: ಸ್ಪೀಕರಿನ ಜಾಲರಿ ತೆಗೆಯುವುದು, ಪುಡಿಯಾದ ಫೋಮ್ ಅಂಚು)

ಈಗ ಸ್ಪೀಕರ್. ಮುಂದಿನ ಬಟ್ಟೆ ಜಾಲರಿ ತೆಗೆದು, ಕೋನ್ ಸುತ್ತ ಇರೋ ಮೆತ್ತನೆಯ ಅಂಚನ್ನ ಬೆರಳಲ್ಲಿ ಮೃದುವಾಗಿ ಮುಟ್ಟಿ ನೋಡಿ. ಅದು ಫೋಮ್ ಆಗಿದ್ದರೆ ಹದಿನೈದು ಇಪ್ಪತ್ತು ವರ್ಷಕ್ಕೆ ಪುಡಿಯಾಗುತ್ತೆ. ಉಪಯೋಗಿಸದೆ ಇಟ್ಟರೂ ಅಷ್ಟೇ. ರಬ್ಬರ್ ಅಥವಾ ಬಟ್ಟೆಯ ಅಂಚಾದರೆ ಹೆಚ್ಚು ಬಾಳುತ್ತೆ. ಅಂಚು ಹರಿದರೆ ಬೇಸ್ ಯಾಕೆ ಹೋಗುತ್ತೆ ಗೊತ್ತಾ? 1954ರಲ್ಲಿ ಅಮೆರಿಕದ ಅಕೌಸ್ಟಿಕ್ ರಿಸರ್ಚ್ ಕಂಪನಿಯ ಎಡ್ಗರ್ ವಿಲ್ಚುರ್ ಪೂರ್ತಿ ಮುಚ್ಚಿದ ಪೆಟ್ಟಿಗೆಯ ಸ್ಪೀಕರ್ ತಂದರು. ಅದರಲ್ಲಿ ಪೆಟ್ಟಿಗೆಯೊಳಗಿನ ಗಾಳಿಯೇ ಕೋನನ್ನ ಹಿಡಿದು ವಾಪಸ್ ಎಳೆಯೋ ಸ್ಪ್ರಿಂಗ್. ಪುಟ್ಟ ಪೆಟ್ಟಿಗೆಯಿಂದ ಆಳವಾದ ಬೇಸ್ ಬಂದದ್ದು ಹಾಗೆ. ಮುಂದೆ ಬಂದ ಎಷ್ಟೋ ಮನೆ ಸ್ಪೀಕರುಗಳು ಇದೇ ದಾರಿ ಹಿಡಿದವು. ಅಂಚು ಹರಿದು ಗಾಳಿ ಸೋರಿದರೆ ಸ್ಪ್ರಿಂಗೇ ಇಲ್ಲದ ಹಾಗಾಯಿತು. ಸರಿಯಾದ ಅಳತೆಯ ಹೊಸ ಅಂಚು ಅಂಟಿಸಿದರೆ ಬೇಸ್ ವಾಪಸ್ ಬರುತ್ತೆ. ಅಷ್ಟಕ್ಕೆ ಇಡೀ ಸ್ಪೀಕರ್ ಎಸೆಯೋದು ನನ್ನ ಪ್ರಕಾರ ಅನ್ಯಾಯ.

ಸ್ಪೀಕರಿನ ಹಿಂದೆ ಟ್ರೆಬಲ್ ಹೆಚ್ಚು ಕಡಿಮೆ ಮಾಡೋ ತಿರುಗಣೆ ಇದ್ದರೆ ಅದನ್ನೂ ಆಚೀಚೆ ತಿರುಗಿಸಿ. ಒಳಗೆ ಕಿಲುಬು ಹಿಡಿದು, ಟ್ರೆಬಲ್ ಹಾಡೋ ಪುಟ್ಟ ಸ್ಪೀಕರ್ ಆದ ಟ್ವೀಟರ್ ಪೂರ್ತಿ ಮೌನವಾಗಿರೋದು ಹಳೆಯ ಸ್ಪೀಕರುಗಳಲ್ಲಿ ಮಾಮೂಲಿ. ಇನ್ನು ತಂತಿ. ಎರಡೂ ಸ್ಪೀಕರಿಗೆ ಪ್ಲಸ್‌ನಿಂದ ಪ್ಲಸ್‌ಗೆ, ಮೈನಸ್‌ನಿಂದ ಮೈನಸ್‌ಗೆ ಹೋಗಿರಬೇಕು. ಒಂದರಲ್ಲಿ ತಿರುವುಮುರುವಾದರೂ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತೆ. ಬೇಸ್ ಒಂದಕ್ಕೊಂದು ಹೊಡೆದುಕೊಂಡು ಮಾಯವಾಗುತ್ತೆ, ದನಿ ನಡುವೆ ನಿಲ್ಲೋದೇ ಇಲ್ಲ.

(ದೃಶ್ಯ: ಟರ್ನ್‌ಟೇಬಲ್, ಮುಳ್ಳಿನ ಹತ್ತಿರದ ನೋಟ)

ಇನ್ನೊಂದು ತುದಿಗೆ ಬರೋಣ. ವಜ್ರದ ಮುಳ್ಳಾದರೂ ಸಾಮಾನ್ಯವಾಗಿ 500ರಿಂದ 1000 ಗಂಟೆ ಓಡಿದ ಮೇಲೆ ಸವೆಯುತ್ತೆ. ಹಿಂದಿನವರು ಎಷ್ಟು ಗಂಟೆ ಓಡಿಸಿದರು ಅಂತ ಹೇಳೋರು ಯಾರು? ಅದಕ್ಕೇ ಮುಳ್ಳನ್ನ ಕಣ್ಣುಮುಚ್ಚಿ ಬದಲಾಯಿಸಿ, ರೆಕಾರ್ಡುಗಳು ಉಳಿಯಲಿ. ಮುಳ್ಳಿನ ಮೇಲಿನ ಭಾರ ಮುಳ್ಳನ್ನ ಹಿಡಿದಿರೋ ಹೆಚ್ಚಿನ ಕಾರ್ಟ್ರಿಜ್‌ಗಳಿಗೆ ಒಂದೂವರೆಯಿಂದ ಎರಡೂವರೆ ಗ್ರಾಂ. ಕಡಿಮೆ ಭಾರ ಇಟ್ಟರೆ ರೆಕಾರ್ಡಿಗೆ ಒಳ್ಳೇದು ಅನ್ನೋ ನಂಬಿಕೆ ತಪ್ಪು. ಮುಳ್ಳು ಗೀರಲ್ಲಿ ಗಟ್ಟಿಯಾಗಿ ಕೂರದೆ ಎಗರಾಡಿದರೆ ಗೀರಿನ ಗೋಡೆಗೇ ಪೆಟ್ಟು.

ಟರ್ನ್‌ಟೇಬಲಿನ ತಂತಿಯನ್ನ ಆಂಪ್ಲಿಫೈಯರಿನಲ್ಲಿ ಫೋನೋ ಅಂತ ಬರೆದ ಕಡೆಗೇ ಚುಚ್ಚಬೇಕು. ರೆಕಾರ್ಡಲ್ಲಿ ಬೇಸನ್ನ ತಗ್ಗಿಸಿ, ಟ್ರೆಬಲನ್ನ ಏರಿಸಿ ಕೊರೆದಿರುತ್ತಾರೆ. ಆರ್‌ಐಎಎ ಅನ್ನೋ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘದ ಈ ನಿಯಮ 1954ರಿಂದ ಇದೆ. ಅದನ್ನ ತಿರುಗಿ ನೆಟ್ಟಗೆ ಮಾಡೋದು ಫೋನೋ ಸರ್ಕ್ಯೂಟ್. ಐದು ಮಿಲಿವೋಲ್ಟಿನ ಆಸುಪಾಸಿನ ಸಣ್ಣ ಸಿಗ್ನಲನ್ನ ಹಿಗ್ಗಿಸೋದೂ ಅದೇ. ಬೇರೆ ಉಪಕರಣಗಳಿಗೆ ಅಂತ ಇರೋ ಆಕ್ಸ್‌ಗೆ ಚುಚ್ಚಿದರೆ ಸದ್ದು ಸಣ್ಣಗೆ, ಪೇಲವವಾಗಿ ಕೇಳುತ್ತೆ.

ಎರಡು ತುದಿಗಳ ನಡುವೆ ಇರೋ ಕಿಲುಬು ಮುಂದಿನ ಶತ್ರು. ವಾಲ್ಯೂಮ್ ತಿರುಗಿಸಿದರೆ ಕರಕರ, ಬ್ಯಾಲೆನ್ಸ್ ಮುಟ್ಟಿದರೆ ಒಂದು ಕಡೆ ಸದ್ದು ಕಟ್ಟು: ಇದಕ್ಕೆ ಎಲೆಕ್ಟ್ರಾನಿಕ್ಸಿಗೆ ಅಂತಲೇ ಬರೋ ಕಾಂಟ್ಯಾಕ್ಟ್ ಕ್ಲೀನರ್ ಬೇಕು. ಪ್ಲಗ್ ತೆಗೆದು, ಸ್ವಲ್ಪ ಸಿಂಪಡಿಸಿ, ಇಪ್ಪತ್ತು ಮೂವತ್ತು ಸಲ ಆಚೀಚೆ ತಿರುಗಿಸಿ. ಬೀಗಕ್ಕೆ ಹಾಕೋ ಎಣ್ಣೆ ಸ್ಪ್ರೇ ಬೇಡವೇ ಬೇಡ. ಮುಚ್ಚಳ ತೆಗೆಯೋದಾದರೆ ನೆನಪಿರಲಿ, ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ಕರೆಂಟ್ ನಿಂತಿರುತ್ತೆ. ಅನುಭವ ಇಲ್ಲದಿದ್ದರೆ ಒಳಗೆ ಕೈ ಹಾಕಬೇಡಿ. ಮೆಲ್ಲಗೆ ಹಾಡುವಾಗ ಒಂದು ಕಡೆಯ ಸದ್ದು ನಿಂತು, ಜೋರು ಮಾಡಿದ ತಕ್ಷಣ ಮತ್ತೆ ಬಂದರೆ ಸ್ಪೀಕರ್ ರಿಲೇಯ, ಅಂದರೆ ಸ್ಪೀಕರನ್ನ ಆಂಪ್ಲಿಫೈಯರಿಗೆ ಜೋಡಿಸೋ ಸ್ವಿಚ್‌ನ ಮೇಲೆ ಅನುಮಾನಪಡಿ. ಸದ್ದೇ ಇಲ್ಲವೆಂದರೆ ಟೇಪ್ ಮಾನಿಟರ್ ಗುಂಡಿ ಒತ್ತಿದ ಹಾಗೇ ಉಳಿದಿದೆಯಾ ನೋಡಿ. ಟೇಪ್ ಡೆಕ್ ಇಲ್ಲದೆ ಆ ಗುಂಡಿ ಒತ್ತಿದ್ದರೆ ಸೆಟ್ ಮೂಕವಾಗೇ ಇರುತ್ತೆ.

ಒಂದು ವಿಚಾರ ಬಹಳ ಜನ ಗಮನಿಸೋದಿಲ್ಲ. ಆ ಕಾಲದ ಆಂಪ್ಲಿಫೈಯರಿಗೆ ಆಕ್ಸ್‌ನಲ್ಲಿ 150 ಮಿಲಿವೋಲ್ಟ್ ಬಂದರೆ ಸಾಕು, ಪೂರ್ತಿ ಶಕ್ತಿ ಕೊಡುತ್ತೆ. ಸಿಡಿ ಪ್ಲೇಯರ್ ಕೊಡೋದು ಎರಡು ವೋಲ್ಟ್! ಅದಕ್ಕೇ ನಾಬ್ ಕೊಂಚ ತಿರುಗಿಸುವಷ್ಟರಲ್ಲಿ ಮನೆ ನಡುಗುತ್ತೆ. ನಾಬಿನ ಆ ಆರಂಭದ ಭಾಗದಲ್ಲೇ ಎಡ ಬಲ ಸಮ ಇರೋದಿಲ್ಲ, ಹಾಡು ಒಂದು ಕಡೆಗೆ ವಾಲುತ್ತೆ. ಮೊಬೈಲಿಂದ ಕೊಡೋದಾದರೆ ಅಲ್ಲೇ ಸದ್ದು ತಗ್ಗಿಸಿ; ಸಿಡಿಗೆ ಸಿಗ್ನಲ್ ತಗ್ಗಿಸೋ ಅಟೆನ್ಯುಯೇಟರ್ ಹಾಕಿ. ನಾಬ್ ಮಧ್ಯಕ್ಕೆ ಬರೋ ಹಾಗೆ ಮಾಡಿಕೊಂಡು ಕೇಳಿ ನೋಡಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತೆ.

ವ್ಯಾಟ್ ಸಾಲದು ಅನ್ನೋ ಚಿಂತೆ ಬಿಡಿ. ಶಕ್ತಿ ಎರಡು ಪಟ್ಟಾದರೂ ಸದ್ದು ಏರೋದು ಬರೀ 3 ಡೆಸಿಬೆಲ್. 1978ರಲ್ಲಿ ಬಂದ ನ್ಯಾಡ್ 3020 ಆಂಪ್ಲಿಫೈಯರಿಗೆ ಇದ್ದದ್ದು ಚಾನೆಲ್‌ಗೆ 20 ವ್ಯಾಟ್ ಅಷ್ಟೇ. ಅದನ್ನ ಮೆಚ್ಚಿ ಇವತ್ತಿಗೂ ಹುಡುಕೋರಿದ್ದಾರೆ.

(ದೃಶ್ಯ: ಮಲ್ಟಿಮೀಟರ್, ಆಂಪ್ಲಿಫೈಯರಿನ ಹಿಂಬದಿ)

ಇಷ್ಟೆಲ್ಲ ಆದಮೇಲೂ ಗುಂಯ್ ಅನ್ನೋ ಸದ್ದು ಉಳಿದಿದ್ದರೆ ವಾಲ್ಯೂಮನ್ನ ಸೊನ್ನೆಗೆ ತನ್ನಿ. ಗುಂಯ್ ಸದ್ದೂ ಇಳಿದರೆ ತೊಂದರೆ ತಂತಿಯದೋ ಟರ್ನ್‌ಟೇಬಲಿನ ಅರ್ತ್‌ದೋ ಇರಬೇಕು. ಹಾಗೇ ಉಳಿದರೆ ವಿದ್ಯುತ್ ಪೂರೈಕೆಯ ದೊಡ್ಡ ಕೆಪಾಸಿಟರುಗಳು ಸೋತಿರಬಹುದು. ಅವನ್ನ ಬದಲಾಯಿಸೋದಕ್ಕೆ ಈಗ ಕಾರಣ ಸಿಕ್ಕಿತು. ಮೆಕ್ಯಾನಿಕ್ ಹತ್ತಿರ ಹೋಗುವಾಗ ಆ ಮಾಡೆಲಿನ ಸರ್ವಿಸ್ ಮ್ಯಾನುಯಲ್ ಜೊತೆಗೆ ಕೊಡಿ. ಬಯಾಸ್, ಅಂದರೆ ಟ್ರಾನ್ಸಿಸ್ಟರುಗಳಲ್ಲಿ ಸದಾ ಹರಿಯೋ ಸಣ್ಣ ಕರೆಂಟ್, ಹೊಂದಿಸೋದಕ್ಕೆ ಹೇಳಿ, ಸ್ಪೀಕರ್ ಔಟ್‌ಪುಟ್ಟಿನಲ್ಲಿ ಡಿಸಿ (ಸ್ಪೀಕರಿಗೆ ಹೋಗಬಾರದ ನೇರ ವಿದ್ಯುತ್) 50 ಮಿಲಿವೋಲ್ಟಿಗಿಂತ ಕಡಿಮೆ ಇದೆಯಾ ಅಂತ ನಿಮ್ಮೆದುರೇ ಅಳೆಸಿ. ಸರಿಮಾಡಿಸಿದ ಸ್ಪೀಕರುಗಳನ್ನ ಜೋಡಿಸೋದು ಆಮೇಲೆ.