ಪಿತ್ತ ನೆತ್ತಿಗೇರಿದ್ದು ನಿಜಾನಾ? ತಪ್ಪು ಸಿದ್ಧಾಂತವನ್ನು ಪಾಠ ಮಾಡುವುದು ಯಾಕೆ

[ತೆರೆಯ ಮೇಲೆ: ನಾಲ್ಕು ಗಾಜಿನ ಬಾಟಲಿ. ಕೆಂಪು, ಬಿಳಿ, ಹಳದಿ, ಕಪ್ಪು]

ಸಿಟ್ಟು ಬಂದವರನ್ನು ನೋಡಿ 'ಪಿತ್ತ ನೆತ್ತಿಗೇರಿದೆ' ಅಂತೀವಿ, ಅಲ್ವಾ? ನಮಗದು ಬರೀ ಮಾತು. 2ನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್‌ಗೆ ಮತ್ತು ಅವನ ಹಾದಿ ಹಿಡಿದ ವೈದ್ಯರಿಗೆ ಅದು ವೈದ್ಯಶಾಸ್ತ್ರ. ದೇಹದಲ್ಲಿರುವ ನಾಲ್ಕು ರಸಗಳಲ್ಲಿ ಯಾವುದು ಜಾಸ್ತಿಯೋ ಅದರಂತೆ ಸ್ವಭಾವ ಅಂತ ಅವರ ಲೆಕ್ಕ. ರಕ್ತ ಜಾಸ್ತಿಯಿದ್ದವರು ಲವಲವಿಕೆಯವರು, ಕಫ ಜಾಸ್ತಿಯಿದ್ದವರು ನಿಧಾನಸ್ಥರು. ಹಳದಿ ಪಿತ್ತದವರು ಮುಂಗೋಪಿಗಳು. ಕಪ್ಪು ಪಿತ್ತದವರು ಸದಾ ಮಂಕು.

ಇದು ಸುಳ್ಳು ಅಂತ ಗೊತ್ತಿದ್ದೂ ತರಗತಿಗೆ ಯಾಕೆ ತರಬೇಕು? ನನ್ನ ಕೇಳಿದರೆ, ಮನಸ್ಸಿನ ಬಗ್ಗೆ ಯಾರೋ ಹೇಳಿದ್ದನ್ನು ತೂಗಿ ನೋಡುವ ಅಭ್ಯಾಸ, ಅಂದರೆ ಮನೋಸಾಕ್ಷರತೆ, ಇಲ್ಲಿಂದಲೇ ಸುಲಭವಾಗಿ ಶುರುವಾಗುತ್ತದೆ. ಗ್ಯಾಲೆನ್‌ನನ್ನು ಪ್ರಶ್ನಿಸಲು ಯಾವ ವಿದ್ಯಾರ್ಥಿಗೂ ಹೆದರಿಕೆಯಿಲ್ಲ ನೋಡಿ.

'ಇವನಿಗೆ ಯಾಕೆ ಇಷ್ಟು ಕೋಪ?' 'ಪಿತ್ತ ಜಾಸ್ತಿ.' 'ಪಿತ್ತ ಜಾಸ್ತಿ ಅಂತ ಹೇಗೆ ಗೊತ್ತಾಯ್ತು?' 'ಕೋಪ ನೋಡಿದರೆ ತಿಳಿಯಲ್ವಾ!'

ಸುತ್ತಿ ಬಳಸಿ ಹೊರಟಲ್ಲಿಗೇ ಬಂದೆವು. 'ಅವಳು ಇಂಟ್ರೋವರ್ಟ್, ಅದಕ್ಕೇ ಮಾತಾಡಲ್ಲ' ಅನ್ನುವಾಗ ನಾವೂ ಮಾಡುವುದು ಇದನ್ನೇ.

[ತೆರೆಯ ಮೇಲೆ: ಬಾಟಲಿಗಳು ಮಾಯ. ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ]

ಹಾಗಂತ ಎಲ್ಲವೂ ಕಸವಲ್ಲ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನೋವಿಜ್ಞಾನದ ಪ್ರಯೋಗಾಲಯ ತೆರೆದ ವಿಲ್‌ಹೆಲ್ಮ್ ವುಂಟ್, ರಸಗಳನ್ನು ಬದಿಗಿಟ್ಟು ಎರಡೇ ಪ್ರಶ್ನೆ ಕೇಳಿದ. ಭಾವನೆ ಎಷ್ಟು ಜೋರು? ಎಷ್ಟು ಬೇಗ ಬದಲಾಗುತ್ತದೆ? ಒಂದೊಂದು ಪ್ರಶ್ನೆಗೆ ಒಂದೊಂದು ಗೆರೆ. ಜೋರಾಗಿದ್ದು ಬೇಗ ಬದಲಾದರೆ ಮುಂಗೋಪಿ. ಜೋರಾಗಿದ್ದು ನಿಧಾನವಾದರೆ ಮಂಕು. ಬಾಟಲಿಯಾದರೆ ಇದು ಇಲ್ಲವೇ ಅದು. ಗೆರೆಯ ಮೇಲೆ ಯಾರು ಎಲ್ಲಿ ಬೇಕಾದರೂ ನಿಲ್ಲಬಹುದು.

ಆದರೂ ಬಾಟಲಿಯೇ ನಮಗೆ ಇಷ್ಟ. ಯಾಕೆ?

1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟ. ಒಂದು ವಾರದ ನಂತರ ಒಬ್ಬೊಬ್ಬರ ಕೈಗೂ 'ನಿಮ್ಮ ಸ್ವಭಾವ' ಅಂತ ಒಂದೊಂದು ಹಾಳೆ. ಎಷ್ಟು ಸರಿಯಿದೆ, 5ಕ್ಕೆ ಅಂಕ ಹಾಕಿ ಅಂದ. ಸರಾಸರಿ 4 ದಾಟಿತು!

ಆಮೇಲೆ ಮೊದಲ ಸಾಲನ್ನು ಗಟ್ಟಿಯಾಗಿ ಓದಿದ. ಬೇರೆಯವರು ತಮ್ಮನ್ನು ಮೆಚ್ಚಬೇಕೆಂಬ ಆಸೆಯ ಬಗ್ಗೆ ಇದ್ದ ಸಾಲು ಅದು. 'ಇದು ಯಾರ ಹಾಳೆಯಲ್ಲಿದೆ? ಕೈ ಎತ್ತಿ.'

[ತೆರೆಯ ಮೇಲೆ: ಒಂದು ಕೈ. ಮೂರು. ತರಗತಿಯ ಎಲ್ಲ ಕೈಗಳು]

ಎಲ್ಲರ ಹಾಳೆಯೂ ಒಂದೇ. ಸಾಲುಗಳನ್ನು ಆಯ್ದಿದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗೂ ಹೊಂದುವ ಮಾತನ್ನು ನಮ್ಮದೇ ಅಂದುಕೊಳ್ಳುತ್ತೇವೆ. ಬಾಟಲಿ ಇಷ್ಟವಾಗುವುದೂ ಅದಕ್ಕೇ.