ಗುರಿಗೆ ಯಾವ ರಿವಾಲ್ವರ್?

ನಮಸ್ಕಾರ. ಮೊದಲ ರಿವಾಲ್ವರ್ ತಗೊಳ್ಳುವಾಗ ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಅದು ನೋಡೋಕೆ ಭರ್ಜರಿಯಾಗಿತ್ತು. ಪಾಯಿಂಟ್ 357 ಮ್ಯಾಗ್ನಂ ಅನ್ನುವ ಜೋರು ತೋಟಾದ್ದು, ಆರು ಗುಂಡಿನದು, ಹೊಡೆದರೆ ಶೂಟಿಂಗ್ ರೇಂಜಿನಲ್ಲಿ ಪಕ್ಕದ ಲೇನಿನವರು ತಿರುಗಿ ನೋಡುವಂಥ ಸದ್ದು. ಗುರಿ ಮಾತ್ರ ಸಿಗಲಿಲ್ಲ. ಗುಂಡೆಲ್ಲಾ ಕೆಳಗೆ ಹೋಗುತ್ತಿದ್ದವು. ನಾನು ಗುರಿ ನೋಡುವ ಸೈಟಿನ ಸ್ಕ್ರೂ ತಿರುಗಿಸಿದ್ದೇ ತಿರುಗಿಸಿದ್ದು. ಇದನ್ನೆಲ್ಲ ಸುಮ್ನೆ ನೋಡುತ್ತಿದ್ದ ಹಿರಿಯ ಶೂಟರ್ ಒಬ್ಬರು ಒಂದು ದಿನ, "ಕೊಡಿ, ನಾನು ತುಂಬಿಸಿ ಕೊಡುತ್ತೇನೆ" ಅಂದರು. ತೋಟಾ ತುಂಬುವ ಸಿಲಿಂಡರಿನ ಆರು ಮನೆಗಳಲ್ಲಿ ಎರಡಕ್ಕೆ, ನನಗೆ ಗೊತ್ತಾಗದ ಹಾಗೆ, ಹಾರಿಸಿದ ಖಾಲಿ ತೋಟಾ ಹಾಕಿದ್ದರು. ನಾನು ಟ್ರಿಗರ್ ಎಳೆದೆ. ಗುಂಡು ಹಾರಲಿಲ್ಲ, ನಳಿಗೆ ಮಾತ್ರ ಗಕ್ಕನೆ ನೆಲದ ಕಡೆ ಬಗ್ಗಿತು. ಒದೆತ ಬರುತ್ತದೆ ಅಂತ ಕೈ ಮೊದಲೇ ಹೆದರಿ ಕೆಳಗೆ ತಳ್ಳುತ್ತಿತ್ತು. "ಸೈಟಿಗೆ ಸ್ಕ್ರೂ ಇದೆ, ಹೆದರಿಕೆಗೆ ಎಲ್ಲಿದೆ?" ಅಂತ ಅವರು ನಕ್ಕರು. ನನಗೆ ಮುಖ ಎತ್ತೋಕೆ ಆಗಲಿಲ್ಲ.

ಹಾಗಾಗಿ ಈಗ ಯಾರಾದರೂ "ಯಾವ ರಿವಾಲ್ವರ್ ಒಳ್ಳೇದು?" ಅಂತ ಕೇಳಿದರೆ, ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಯಾವ ಸ್ಪರ್ಧೆಗೆ? ಲೈಸೆನ್ಸ್, ಕಾನೂನು ಇವೆಲ್ಲ ಅದಕ್ಕಿಂತ ಮೊದಲಿನ ಮಾತು, ಬಿಡಿ. ಅದಾದ ಮೇಲೆ ರಿವಾಲ್ವರ್ ನೋಡೋಕೆ ಹೋಗುವ ಮುಂಚೆ ಆ ಸ್ಪರ್ಧೆಯ ನಿಯಮದ ಪುಸ್ತಕ ಓದಿ. ಅದು ಆಗಾಗ ಬದಲಾಗುತ್ತದೆ, ಹೊಸದನ್ನೇ ಓದಿ.

ಉದಾಹರಣೆಗೆ ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ ಐಎಸ್‌ಎಸ್‌ಎಫ್‌ನ 25 ಮೀಟರ್ ಸೆಂಟರ್ ಫೈರ್ ಪಿಸ್ತೂಲು ಸ್ಪರ್ಧೆ ತಗೊಳ್ಳಿ. ಅದರಲ್ಲಿ ರಿವಾಲ್ವರ್ ಕೂಡ ನಡೆಯುತ್ತದೆ. ಕ್ಯಾಲಿಬರ್, ಅಂದರೆ ಗುಂಡಿನ ದಪ್ಪ, 7.62ರಿಂದ 9.65 ಮಿಲಿಮೀಟರ್ ಒಳಗಿರಬೇಕು. ತೂಕ 1400 ಗ್ರಾಂ ದಾಟಬಾರದು. ಟ್ರಿಗರ್ ಕಡಿಮೆ ಅಂದರೂ 1000 ಗ್ರಾಂ ಭಾರ ತಡೆಯಬೇಕು. ನಳಿಗೆ 153 ಮಿಲಿಮೀಟರ್ ಮೀರಬಾರದು. ಆರು ಇಂಚಿನ ನಳಿಗೆ ಅಂದರೆ 152.4 ಮಿಲಿಮೀಟರ್, ಕೂದಲೆಳೆಯಲ್ಲಿ ಪಾಸು. ಉದ್ದ ಇದ್ದಷ್ಟೂ ಒಳ್ಳೇದು ಅಂದುಕೊಂಡು ಎಂಟು ಇಂಚಿನದು ತಂದವರ ಗತಿ? ತಪಾಸಣೆ ಮೇಜಿನಿಂದಲೇ ವಾಪಸ್.

ಆ ಸ್ಪರ್ಧೆಯಲ್ಲಿ ಒಂದೇ ಕೈಯಲ್ಲಿ ಹೊಡೆಯಬೇಕು. ವೇಗದ ಸುತ್ತಿನಲ್ಲಿ ಗುರಿ 3 ಸೆಕೆಂಡ್ ಕಾಣಿಸಿಕೊಂಡು 7 ಸೆಕೆಂಡ್ ಮರೆಯಾಗುತ್ತದೆ. ಆ 7 ಸೆಕೆಂಡಿನಲ್ಲಿ, ತೋಟಾಕ್ಕೆ ಏಟು ಕೊಡುವ ಹ್ಯಾಮರನ್ನು ಹೆಬ್ಬೆರಳಿಂದ ಹಿಂದಕ್ಕೆಳೆದು ನಿಲ್ಲಿಸಿಕೊಂಡರೆ, ಆಮೇಲೆ ಟ್ರಿಗರಿಗೆ ಹಗುರವಾಗಿ ಒತ್ತಿದರೆ ಸಾಕು. ಇದು ಸಿಂಗಲ್ ಆ್ಯಕ್ಷನ್. ಅಮೆರಿಕದ ಪೊಲೀಸರಲ್ಲಿ ಬೆಳೆದ ಪಿಪಿಸಿ ಸ್ಪರ್ಧೆಯ ದಾರಿ ಬೇರೆ. ಅದರ ದೊಡ್ಡ ಪಂದ್ಯದಲ್ಲಿ 150 ಗುಂಡು, 1500 ಅಂಕ, 7 ಗಜದಿಂದ 50 ಗಜದವರೆಗೆ. ಹ್ಯಾಮರ್ ಮುಟ್ಟದೆ ಟ್ರಿಗರ್ ಒಂದರಲ್ಲೇ ಎಲ್ಲ ಕೆಲಸ ಮಾಡಿಸುವ ಡಬಲ್ ಆ್ಯಕ್ಷನ್ ಅಲ್ಲಿ ಮುಖ್ಯ. ಅದಕ್ಕೇ ಅವರು ಒನಕೆಯಂಥ ದಪ್ಪ ನಳಿಗೆ ಹಾಕಿಸಿಕೊಳ್ಳುತ್ತಾರೆ, ಮುಂದೆ ಭಾರ ಇದ್ದರೆ ಅಲುಗಾಟ ಕಡಿಮೆ.

ಇನ್ನು ಐಪಿಎಸ್‌ಸಿ, ಐಕೋರ್ ಥರದ್ದು ಓಡುತ್ತಾ ಹೊಡೆಯುವ ಆಟ. ಅಲ್ಲಿ ಗುಂಡು ತುಂಬಿಸುವ ವೇಗವೇ ಅರ್ಧ ಪಂದ್ಯ. ತೋಟಾಗಳನ್ನು ಒಂದು ತೆಳು ಲೋಹದ ಬಿಲ್ಲೆಗೆ ಸಿಕ್ಕಿಸಿ ಒಟ್ಟಿಗೆ ಒಳಗೆ ಬಿಡುತ್ತಾರೆ, ಮೂನ್ ಕ್ಲಿಪ್ ಅಂತಾರೆ. ಅಮೆರಿಕದ ಶೂಟರ್ ಜೆರ್ರಿ ಮಿಕ್ಯುಲೆಕ್ 1999ರಲ್ಲಿ ಆರು ಗುಂಡು ಹೊಡೆದು, ಮತ್ತೆ ತುಂಬಿಸಿ, ಇನ್ನಾರು ಹೊಡೆದದ್ದು ಒಟ್ಟು 2.99 ಸೆಕೆಂಡಿನಲ್ಲಿ! ಆದರೆ ಆ ಬಿಲ್ಲೆ ಒಂಚೂರು ಬಾಗಿದರೆ ಸಾಕು, ಸಿಲಿಂಡರ್ ತಿರುಗದೆ ಹಟ ಹಿಡಿಯುತ್ತದೆ.

ಸ್ಪರ್ಧೆ ಯಾವುದು ಅಂತ ಇನ್ನೂ ಗೊತ್ತಿಲ್ಲದವರಿಗೆ ನನ್ನ ಸಲಹೆ ಒಂದೇ. ಪಾಯಿಂಟ್ 357ಕ್ಕೆ ಮಾಡಿದ, ಆರು ಇಂಚಿನ, ಮಧ್ಯಮ ಗಾತ್ರದ ರಿವಾಲ್ವರ್ ತಗೊಳ್ಳಿ, ಆದರೆ ಅದರಲ್ಲಿ ಪಾಯಿಂಟ್ 38 ಸ್ಪೆಷಲ್ ಅನ್ನುವ ಮೆತ್ತಗಿನ ತೋಟಾ ಹೊಡೆಯಿರಿ. ಸ್ಮಿತ್ ಆ್ಯಂಡ್ ವೆಸನ್ 686, ರೂಗರ್ ಜಿಪಿ 100 ಈ ಜಾತಿಯವು. ಎರಡೂ ತೋಟಾದ ಗುಂಡಿನ ದಪ್ಪ ಒಂದೇ. ಮ್ಯಾಗ್ನಂ ತೋಟಾದ ಕವಚ 38ರದ್ದಕ್ಕಿಂತ ಸುಮಾರು 3.4 ಮಿಲಿಮೀಟರ್ ಜಾಸ್ತಿ ಉದ್ದ, ಅಷ್ಟೇ. ಆದ್ದರಿಂದ 38 ಅನ್ನು 357ರಲ್ಲಿ ಹೊಡೆಯಬಹುದು, ಉಲ್ಟಾ ಮಾತ್ರ ಯಾವತ್ತೂ ಮಾಡಬಾರದು. ಚಿಕ್ಕ ತೋಟಾ ಹೊಡೆದೂ ಹೊಡೆದೂ ಸಿಲಿಂಡರಿನ ಮನೆಯೊಳಗೆ ಮಸಿಯ ಬಳೆ ಕಟ್ಟುತ್ತದೆ, ಆಗಾಗ ಬ್ರಷ್ ಹಾಕಿ ತೆಗೆಯದಿದ್ದರೆ ಉದ್ದದ ತೋಟಾ ಆಮೇಲೆ ಒಳಗೆ ಹೋಗಲ್ಲ ಅನ್ನುತ್ತದೆ.

ಆ 38ರಲ್ಲೂ ವಾಡ್‌ಕಟರ್ ಅಂತ ಒಂದು ಗುಂಡಿದೆ, 148 ಗ್ರೇನ್ ತೂಕ, ಅಂದರೆ ಸುಮಾರು 9.6 ಗ್ರಾಂ, ಮೂತಿ ಚಪ್ಪಟೆ. ಚೂಪು ಗುಂಡು ಕಾಗದವನ್ನು ಹರಿದುಕೊಂಡು ಹೋಗುತ್ತದೆ, ಇದು ಪಂಚಿಂಗ್ ಮಷಿನ್ ಹಾಗೆ ದುಂಡಗೆ ಕತ್ತರಿಸುತ್ತದೆ. ಗೆರೆ ತಾಗಿದರೆ ಮೇಲಿನ ಅಂಕ ಅನ್ನುವ ಆಟದಲ್ಲಿ ರಂಧ್ರದ ಅಂಚು ಸ್ವಚ್ಛವಾಗಿರುವುದು ಸಣ್ಣ ವಿಷಯ ಅಲ್ಲ. ಒದೆತವೂ ಮೃದು. ತೀರಾ ಹೊಸಬರಾದರೆ ಪಾಯಿಂಟ್ 22 ಇನ್ನೂ ಒಳ್ಳೇದು, ಒದೆತ ಇಲ್ಲವೇ ಇಲ್ಲ ಅನ್ನಬಹುದು, ತೋಟಾನೂ ಅಗ್ಗ. ಅದರಲ್ಲಿ ಖಾಲಿ ಟ್ರಿಗರ್ ಎಳೆಯುವ ಅಭ್ಯಾಸ ಮಾತ್ರ ಬೇಡ. ತೋಟಾಕ್ಕೆ ಬಡಿಯುವ ಪಿನ್ನು ಹೋಗಿ ಸಿಲಿಂಡರಿನ ಅಂಚಿಗೇ ಬಡಿಯಬಹುದು.

ಈಗ ಕೈ ಮತ್ತು ಟ್ರಿಗರ್. ನನ್ನ ಪ್ರಕಾರ ದುಡ್ಡು, ತಲೆ ಎರಡನ್ನೂ ಜಾಸ್ತಿ ಖರ್ಚು ಮಾಡಬೇಕಾದ್ದು ಇಲ್ಲೇ. ಮೊದಲು ಸಿಲಿಂಡರ್ ತೆರೆದು ಖಾಲಿ ಇದೆಯಾ ನೋಡಿ, ಬೆರಳು ಹಾಕಿಯೂ ನೋಡಿ. ನಳಿಗೆ ಮುಂಗೈಯ ನೇರಕ್ಕೆ ಬರುವ ಹಾಗೆ ಹಿಡಿಯಿರಿ. ತೋರುಬೆರಳು ಆರಾಮಾಗಿ ಟ್ರಿಗರ್ ಮುಟ್ಟುತ್ತಾ? ಬೆರಳು ಮುಟ್ಟಲಿ ಅಂತ ಹಿಡಿಕೆಯನ್ನು ಅಂಗೈಯಲ್ಲಿ ಹೊರಳಿಸಬೇಕಾದರೆ ಅದು ನಿಮ್ಮ ಅಳತೆಯಲ್ಲ. ಆಮೇಲೆ ಕಣ್ಣು ಮುಚ್ಚಿ ತೋಳೆತ್ತಿ, ಸುರಕ್ಷಿತ ದಿಕ್ಕಿಗೇ, ಮತ್ತೆ ಕಣ್ಣು ಬಿಡಿ. ಮುಂದಿನ ಸೈಟು ಹಿಂದಿನ ಸೈಟಿನ ಕಿಂಡಿಯಲ್ಲಿ ತಾನಾಗಿ ಕೂತಿದ್ದರೆ ಜೋಡಿ ಕೂಡಿತು. ಒಂದು ಸಮಾಧಾನ ಏನೆಂದರೆ ಹಿಡಿಕೆ ಬದಲಾಯಿಸಬಹುದು. ಮರದ್ದೋ ರಬ್ಬರಿನದ್ದೋ ಬೇರೆ ಹಾಕಿಸಿದರೆ ಅದೇ ರಿವಾಲ್ವರ್ ಬೇರೆಯದೇ ಆಗಿಬಿಡುತ್ತದೆ.

ಕಾರ್ಖಾನೆಯಿಂದ ಬಂದ ಹಾಗೇ ಇದ್ದರೆ ಡಬಲ್ ಆ್ಯಕ್ಷನ್ ಟ್ರಿಗರ್ ಎಳೆಯೋಕೆ ಸಾಮಾನ್ಯವಾಗಿ ನಾಲ್ಕೂವರೆ, ಐದು ಕಿಲೋ ಬಲ ಬೇಕು. ಎಷ್ಟು ಭಾರ ಅನ್ನುವುದಕ್ಕಿಂತ ಭಾರ ಹೇಗೆ ಬರುತ್ತದೆ ಅನ್ನುವುದನ್ನು ಗಮನಿಸಿ. ಶುರುವಿಂದ ಕೊನೆವರೆಗೆ ಒಂದೇ ಸಮ ಇದ್ದರೆ ಭಾರ ಇದ್ದರೂ ಅಭ್ಯಾಸ ಆಗುತ್ತದೆ. ಕೊನೆಯಲ್ಲಿ ದಿಢೀರನೆ ಬಿಗಿಯಾದರೆ ಅಲ್ಲೇ ಕೈ ನಡುಗುವುದು. 1955ರಲ್ಲಿ ಬಂದ ಹಳೆಯ ಕೋಲ್ಟ್ ಪೈಥಾನ್ ಎಷ್ಟು ಚೆಂದ ಇದ್ದರೂ ಅದರ ಟ್ರಿಗರ್ ಕೊನೆಯಲ್ಲಿ ಬಿಗಿಯಾಗುತ್ತದೆ. ಕೆಲವರಿಗೆ ಅದೇ ಇಷ್ಟ, ನನಗಲ್ಲ. ಹಗುರ ಮಾಡುತ್ತೇನೆ ಅಂತ ಸ್ಪ್ರಿಂಗ್ ಬದಲಿಸುವಾಗ ಹುಷಾರು. ಸ್ಪ್ರಿಂಗ್ ತೀರಾ ಮೆದುವಾದರೆ ಹ್ಯಾಮರ್ ಏಟು ಸಾಲದೆ ತೋಟಾ ಸಿಡಿಯುವುದಿಲ್ಲ. ಅದೂ ಸರಿಯಾಗಿ ಪಂದ್ಯದ ದಿನವೇ ಆಗುತ್ತದೆ, ಅಲ್ವಾ!

ಸೈಟಿನ ಬಗ್ಗೆ ಒಂದು ಲೆಕ್ಕ ಹೇಳಿ ಮುಂದೆ ಹೋಗುತ್ತೇನೆ. ಮುಂದಿನ, ಹಿಂದಿನ ಸೈಟುಗಳ ನಡುವೆ 200 ಮಿಲಿಮೀಟರ್ ಇದೆ ಅಂದುಕೊಳ್ಳಿ. ಒಂದು ಮಿಲಿಮೀಟರ್ ಆಚೀಚೆ ಆದರೆ 25 ಮೀಟರಿನಲ್ಲಿ ಗುಂಡು 125 ಮಿಲಿಮೀಟರ್ ತಪ್ಪುತ್ತದೆ. ಅಂತರ 100 ಮಿಲಿಮೀಟರ್ ಆದರೆ ತಪ್ಪು 250. ಆ ಐಎಸ್‌ಎಸ್‌ಎಫ್ ಸ್ಪರ್ಧೆಯ ನಿಖರತೆಯ ಸುತ್ತಿನಲ್ಲಿ ಹತ್ತು ಅಂಕದ ವೃತ್ತ ಇರುವುದೇ 50 ಮಿಲಿಮೀಟರ್ ಅಗಲ. ಗಿಡ್ಡ ನಳಿಗೆಯಿಂದ ಗುಂಡು ವಕ್ರ ಹೋಗುತ್ತದೆ ಅಂತಲ್ಲ, ನಮ್ಮ ಕಣ್ಣಿನ ತಪ್ಪು ದೊಡ್ಡದಾಗಿ ಕಾಣುತ್ತದೆ ಅಷ್ಟೇ. ಹಿಂದಿನ ಸೈಟು ಹೊಂದಿಸಿಕೊಳ್ಳುವಂಥದ್ದೇ ಇರಲಿ.

ಹಳೆಯದು ಕೊಳ್ಳುವವರು ಕೈಯಲ್ಲಿ ಟಾರ್ಚ್ ಇಟ್ಟುಕೊಂಡು ಹೋಗಿ. ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು, ಸಿಲಿಂಡರಿಗೆ ಬೆರಳು ಸ್ವಲ್ಪ ಒತ್ತಿ ತಡೆಯುತ್ತಾ ಹ್ಯಾಮರನ್ನು ನಿಧಾನಕ್ಕೆ ಎಳೆಯಿರಿ. ಹ್ಯಾಮರ್ ಪೂರ್ತಿ ನಿಲ್ಲುವ ಹೊತ್ತಿಗೆ ಸಿಲಿಂಡರ್ ಟಕ್ ಅಂತ ಬೀಗ ಹಾಕಿಕೊಂಡಿರಬೇಕು. ಹಾಕಿಕೊಳ್ಳದಿದ್ದರೆ ಗುಂಡು ನಳಿಗೆಗೆ ನೇರವಾಗಿ ಹೋಗದೆ ಅಂಚಿಗೆ ಉಜ್ಜಿ ಸೀಸದ ಚೂರು ಪಕ್ಕಕ್ಕೆ ಸಿಡಿಸುತ್ತದೆ. ಇದನ್ನು ಒಂದು ಮನೆಗಲ್ಲ, ಆರಕ್ಕೂ ಮಾಡಿ. ಎತ್ತಿ ನಿಲ್ಲಿಸಿದ ಹ್ಯಾಮರನ್ನು ಹೆಬ್ಬೆರಳಿಂದ ಮುಂದಕ್ಕೆ ತಳ್ಳಿ ನೋಡಿ, ಜಾರಿ ಬಿದ್ದರೆ ಅಲ್ಲೇ ಕೈಬಿಡಿ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು 0.1ರಿಂದ 0.2 ಮಿಲಿಮೀಟರ್ ಇದ್ದರೆ ಸರಿ. ಆ ಸಂದಿನಿಂದ ಬಿಸಿ ಅನಿಲ ನುಗ್ಗುತ್ತದೆ, ಹೊಡೆಯುವಾಗ ಯಾವ ಬೆರಳೂ ಸಿಲಿಂಡರಿನ ಮುಂದೆ ಇರಬಾರದು. ಕೊನೆಗೆ ನಳಿಗೆಯ ತುದಿಯ ಅಂಚು ನೋಡಿ. ಅಲ್ಲಿ ಪೆಟ್ಟು ಬಿದ್ದಿದ್ದರೆ ಉಳಿದದ್ದೆಲ್ಲ ಚೆನ್ನಾಗಿದ್ದೂ ಗುಂಡು ದಾರಿ ತಪ್ಪುತ್ತದೆ. ಇಷ್ಟೆಲ್ಲ ನೋಡುವಾಗ ಮಾರುವವರು ಮುಖ ಸಿಂಡರಿಸಿದರೆ, ನಮಸ್ಕಾರ ಹೇಳಿ ಇನ್ನೊಂದು ರಿವಾಲ್ವರ್ ಹುಡುಕಿ.